ಎರಡು ಚೀಟಿ, ಒಂದು ಕಾಫಿ ಯಂತ್ರ



ಕಳೆದ ತಿಂಗಳ ಯುವಜನರ ಕೂಟದಲ್ಲಿ ನರ್ಸಿಂಗ್ ಮುಗಿಸಿದ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. ಪುಣೆಯ ಎರಡು ಆಸ್ಪತ್ರೆಗಳಿಂದ ಅವಳಿಗೆ ಕರೆ ಬಂದಿದೆ. ಸಂಬಳ ಹೆಚ್ಚುಕಡಿಮೆ ಒಂದೇ, ಪಾಳಿ ಒಂದೇ ತರಹ, ಎರಡೂ ಕಡೆ ಹಾಸ್ಟೆಲ್ ಇದೆ. "ಇವೆರಡರಲ್ಲಿ ದೇವರ ಚಿತ್ತ ಯಾವುದು ಅಂತ ತಿಳಿಯೋದು ಹೇಗೆ? ತಪ್ಪು ಕಡೆ ಹೋಗಿಬಿಟ್ಟರೆ?" ಎಂದಳು. ಅವಳ ಕಣ್ಣಲ್ಲಿ ನಿದ್ದೆಗೆಟ್ಟ ಗುರುತಿತ್ತು. ನಾನು ಇಂಥ ಹೊತ್ತಿನಲ್ಲಿ ಸಂಚಾಲಕರು ಹೇಳುವ ಮಾತನ್ನೇ ಹೇಳಿದೆ: ಪ್ರಾರ್ಥನೆ ಮಾಡು, ಉತ್ತರ ಸಿಗುತ್ತದೆ. ಕವಲಾಪುರಕ್ಕೆ ಬಸ್ಸಿನಲ್ಲಿ ವಾಪಸ್ಸಾಗುವಾಗ ನಾಚಿಕೆಯಾಯಿತು. ಅದೇ ಪ್ರಶ್ನೆಯನ್ನು ನಮ್ಮ ಮನೆ ಆಗಷ್ಟೇ ದಾಟಿ ಬಂದಿತ್ತು, ಅದೂ ಜಗಳವಾಡಿಕೊಂಡು. ಆದರೆ ಅದು ಒಂದು ಕಾಫಿ ಯಂತ್ರದ ವಿಷಯವಾದ್ದರಿಂದ ಅವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ನಮ್ಮ ಅಮ್ಮ ಮಿರಜದಲ್ಲಿ ನರ್ಸ್ ಆಗಿ 31 ವರ್ಷ ದುಡಿದು ಕಳೆದ ವರ್ಷ ನಿವೃತ್ತರಾದರು. ಅವರು ಹುಟ್ಟಿದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿ. ನರ್ಸಿಂಗ್ ಓದಲು ಈ ಕಡೆ ಬಂದವರು ಇಲ್ಲೇ ಉಳಿದರು. ಈ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಚಹಾ. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ್ದರಿಂದ ಅದರಲ್ಲಿ ಸಕ್ಕರೆಗೂ ಬರವಿಲ್ಲ. ಅಮ್ಮ ಎಲ್ಲರ ಮನೆಯ ಚಹಾ ಕುಡಿದರು, ಸ್ವಂತ ಮನೆಯಲ್ಲಿ ಮಾತ್ರ ಹಿತ್ತಾಳೆಯ ಫಿಲ್ಟರ್ ಬಿಡಲಿಲ್ಲ. ಈಗ ಅವರ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಫಿಲ್ಟರಿನ ಮೇಲಿನ ಪಾತ್ರೆ ಬಿಗಿಯಾಗಿ ಕೂತರೆ ಬಿಡಿಸಲಾಗುವುದಿಲ್ಲ. ನಾನು ಬೆಳಿಗ್ಗೆ ಏಳಕ್ಕೆಲ್ಲ ಸಾಂಗಲಿಗೆ ಹೊರಟಿರುತ್ತೇನೆ. ಅಣ್ಣ ದುಬೈಯಲ್ಲಿದ್ದಾನೆ. ಹಾಗಾಗಿ ಕ್ರಿಸ್ಮಸ್ ರಜೆಗೆ ಬರುವಾಗ ಕ್ಯಾಪ್ಸೂಲ್ ಹಾಕುವ ಕಾಫಿ ಯಂತ್ರವೊಂದನ್ನು ತರುವುದು ಎಂದು ಅಣ್ಣನೂ ನಾನೂ ಮಾತಾಡಿಕೊಂಡೆವು. ದುಡ್ಡು ಇಬ್ಬರದು.

ಇಂಥ ಯಂತ್ರ ನೋಡದವರಿಗಾಗಿ ಎರಡು ಮಾತು. ಐದಾರು ಗ್ರಾಂ ಕಾಫಿ ಪುಡಿಯನ್ನು ಅಲ್ಯೂಮಿನಿಯಂನ ಪುಟ್ಟ ಬಟ್ಟಲಿನಲ್ಲಿ ಗಾಳಿಯಾಡದಂತೆ ಮುಚ್ಚಿರುತ್ತಾರೆ. ಅದನ್ನು ಯಂತ್ರದ ಬಾಯಿಗೆ ಹಾಕಿ ಹಿಡಿಕೆ ಇಳಿಸಿದರೆ ಬಟ್ಟಲಿಗೆ ತೂತು ಬೀಳುತ್ತದೆ, ಪಂಪು ಬಿಸಿನೀರನ್ನು ಒತ್ತಡದಲ್ಲಿ ನುಗ್ಗಿಸುತ್ತದೆ, ಅರ್ಧ ನಿಮಿಷದಲ್ಲಿ ನೊರೆ ಹೊತ್ತ ಎಸ್ಪ್ರೆಸ್ಸೊ ಇಳಿಯುತ್ತದೆ. ಒಂದು ಬಟ್ಟಲಿಗೆ ಒಬ್ಬರ ಕಾಫಿ. ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಯಲ್ಲಿದ್ದ ಎರಿಕ್ ಫಾವ್ರ್ ಎಂಬ ಎಂಜಿನಿಯರ್ ರೂಪಿಸಿದ ಈ ವಿಧಾನಕ್ಕೆ 1976ರಲ್ಲಿ ಪೇಟೆಂಟ್ ಆಯಿತು. 1986ರಲ್ಲಿ ನೆಸ್ಪ್ರೆಸ್ಸೊ ಎಂಬ ಪ್ರತ್ಯೇಕ ಕಂಪನಿಯೇ ಹುಟ್ಟಿತು. ಈಗ ಬೇರೆ ಕಂಪನಿಗಳ ಯಂತ್ರಗಳೂ ಹಲವಿವೆ.

ಬಿ.ಎಸ್ಸಿ. ಓದಿದ ಬುದ್ಧಿ ಸುಮ್ಮನಿರುತ್ತದೆಯೇ? ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಪಟ್ಟಿ ಮಾಡಿದೆ. ಶುರುವಿನಲ್ಲಿ ಪಟ್ಟಿಯಿಂದ ನಿಜವಾಗಿ ಉಪಯೋಗವಾಯಿತು, ಅದನ್ನು ಒಪ್ಪಿಕೊಳ್ಳಬೇಕು. ಒಂದು ಯಂತ್ರ 15 ಬಾರ್ ಒತ್ತಡ ಎನ್ನುತ್ತದೆ, ಇನ್ನೊಂದು 19, ಮತ್ತೊಂದು 20. ಎಸ್ಪ್ರೆಸ್ಸೊ ಇಳಿಯಲು ಬೇಕಾದದ್ದು ಸುಮಾರು 9 ಬಾರ್, ಅಂದರೆ ನಮ್ಮ ಮೇಲಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು. ಮಿಕ್ಕದ್ದು ಡಬ್ಬಿಯ ಮೇಲಿನ ಅಂಕಿ. ಆ ಕಾಲಂ ಹೊಡೆದು ಹಾಕಿದೆ. ವರ್ಚುವೋ ಎಂಬ ಸಾಲಿನ ಯಂತ್ರಗಳನ್ನೂ ಕೈಬಿಟ್ಟೆವು. ಅವುಗಳ ಕ್ಯಾಪ್ಸೂಲಿನ ಅಂಚಿನಲ್ಲಿ ಬಾರ್‌ಕೋಡ್ ಇರುತ್ತದೆ. ಯಂತ್ರ ಅದನ್ನು ಓದಿ ನೀರು ಬಿಡುತ್ತದೆ. ಹಳೆಯ ಸಾಲಿನ ಯಂತ್ರಗಳಿಗಾದರೆ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆಯವರೂ ಕ್ಯಾಪ್ಸೂಲ್ ಮಾಡುತ್ತಾರೆ. ಒಂದೇ ಅಂಗಡಿಗೆ ಅಮ್ಮನನ್ನು ಕಟ್ಟಿಹಾಕುವುದು ಬೇಡ ಎಂಬುದು ಸರಿಯಾದ ಕಾರಣವೇ ಆಗಿತ್ತು.

ಕೊನೆಗೆ ಉಳಿದವು ಎರಡು: ಎಸೆನ್ಜಾ ಮಿನಿ ಮತ್ತು ಇನಿಸಿಯಾ. ಎರಡಕ್ಕೂ ಒಂದೇ ಕ್ಯಾಪ್ಸೂಲ್. ಎರಡರ ಪಂಪೂ 19 ಬಾರ್. ಎರಡೂ ಸುಮಾರು 25 ಸೆಕೆಂಡಿನಲ್ಲಿ ಕಾಯುತ್ತವೆ. ಒಂದರ ನೀರಿನ ತೊಟ್ಟಿ 0.6 ಲೀಟರ್, ಇನ್ನೊಂದರದು 0.7. ಒಂದು ಸ್ವಲ್ಪ ಸಪೂರ, ಇನ್ನೊಂದು ಸ್ವಲ್ಪ ದುಂಡು. ಲೋಟಕ್ಕೆ ಬೀಳುವ ಕಾಫಿಯಲ್ಲಿ ವ್ಯತ್ಯಾಸ ಹೇಳುವ ನಾಲಿಗೆ ನಮ್ಮ ಮನೆಯಲ್ಲಿಲ್ಲ. ಇಲ್ಲಿಗೆ ಬಂದು ನಾವು ನಿಂತೆವು, ಮೂರು ವಾರ ನಿಂತೇ ಇದ್ದೆವು.

ಎರಡು ಹುಲ್ಲಿನ ಮೆದೆಗಳ ನಡುವೆ ನಿಂತು ಯಾವುದನ್ನೂ ತಿನ್ನಲಾರದೆ ಸತ್ತ ಕತ್ತೆಯ ಕಥೆಯನ್ನು ಕೆಲವರು ಕೇಳಿರಬಹುದು. 14ನೇ ಶತಮಾನದ ಪ್ಯಾರಿಸ್ಸಿನ ಗುರು ಜಾನ್ ಬುರಿಡಾನರ ಹೆಸರಿಗೆ ಆ ಕತ್ತೆಯನ್ನು ಕಟ್ಟಿದ್ದಾರೆ. ಅವರ ಬರಹಗಳಲ್ಲಿ ಅದು ಇಲ್ಲವಂತೆ, ಪಾಪ. ಅವರಿಗಿಂತ ಮುಂಚೆಯೇ ಸಂತ ಥಾಮಸ್ ಅಕ್ವಿನಾಸರು ಈ ತೊಡಕನ್ನು ಎತ್ತಿಕೊಂಡಿದ್ದರು. ಹಸಿದವನ ಮುಂದೆ ಸರಿಸಮಾನವಾದ ಎರಡು ಊಟ ಇಟ್ಟರೆ ಅವನು ಯಾವುದರ ಕಡೆಗೂ ಹೊರಳಲಾರನಲ್ಲವೇ ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಆಕ್ಷೇಪ. ಅದಕ್ಕೆ ಅವರ ಉತ್ತರ ಸರಳ: ಒಂದು ದೃಷ್ಟಿಯಿಂದ ಸಮಾನವಾಗಿರುವ ಎರಡರಲ್ಲಿ ಒಂದನ್ನು ಬೇರೊಂದು ದೃಷ್ಟಿಯಿಂದ ನೋಡಿ ಮೇಲೆಂದು ಕಾಣಲು ಮನುಷ್ಯನಿಗೆ ಅಡ್ಡಿಯಿಲ್ಲ. ನಮ್ಮ ಬುದ್ಧಿ ಕತ್ತೆಯ ಬುದ್ಧಿಯಂತೆ ಕಟ್ಟಿಹಾಕಿದ್ದಲ್ಲ.

ಆದರೆ ಆ "ಬೇರೊಂದು ದೃಷ್ಟಿ" ನಮ್ಮಲ್ಲಿ ಹೇಗೆ ಕೆಲಸ ಮಾಡಿತು ಕೇಳಿ. ಅಣ್ಣ ಇನಿಸಿಯಾ ಎಂದ, ನಾನು ಎಸೆನ್ಜಾ ಎಂದೆ. ಕಾರಣಗಳು ಮುಗಿದಿದ್ದವು, ಆದರೂ ಇಬ್ಬರೂ ಕಾರಣ ಹೇಳುತ್ತಲೇ ಇದ್ದೆವು. 0.1 ಲೀಟರ್ ನೀರಿನ ಮೇಲೆ ವಾಟ್ಸಾಪಿನಲ್ಲಿ ನಲವತ್ತು ಸಂದೇಶ. ಕೊನೆಗೆ ಒಂದು ರಾತ್ರಿ ಅಣ್ಣ, "ಮನೇಲಿ ಇರೋದು ನೀನು ಅಂತ ಎಲ್ಲಾ ನೀನೇ ತೀರ್ಮಾನ ಮಾಡ್ತೀಯ" ಎಂದ. ನಾನು, "ದುಬೈಯಿಂದ ದುಡ್ಡು ಬಂದರೆ ಅಮ್ಮನ್ನ ನೋಡ್ಕೊಂಡ ಹಾಗಾಯ್ತಾ?" ಎಂದೆ. ಆ ಮಾತನ್ನು ನಾನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ, ಇಲ್ಲೂ ಮುಚ್ಚಿಡುವುದಿಲ್ಲ. ಒಂಬತ್ತು ದಿನ ನಾವಿಬ್ಬರೂ ಮಾತಾಡಲಿಲ್ಲ. ವ್ಯತ್ಯಾಸ ದೊಡ್ಡದಾಗಿದ್ದರೆ ಯಂತ್ರದ ಬಗ್ಗೆ ಮಾತಾಡಿ ಮುಗಿಸುತ್ತಿದ್ದೆವು. ವ್ಯತ್ಯಾಸವೇ ಇಲ್ಲದ್ದರಿಂದ ಆ ಖಾಲಿ ಜಾಗಕ್ಕೆ ಹಳೆಯದೆಲ್ಲ ಬಂದು ಕೂತಿತು: ಯಾರು ಊರು ಬಿಟ್ಟರು, ಯಾರು ಉಳಿದರು, ಯಾರ ಮಾತು ನಡೆಯಬೇಕು.

ಸಂತ ಲೊಯೋಲದ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಗಳಲ್ಲಿ ಒಂದು ಉಪಾಯ ಕೊಡುತ್ತಾರೆ. ನೀನು ಹಿಂದೆಂದೂ ಕಂಡಿರದ ಒಬ್ಬ ವ್ಯಕ್ತಿ ಇದೇ ಆಯ್ಕೆಯ ಮುಂದೆ ನಿಂತಿದ್ದಾನೆ ಎಂದುಕೊ. ಅವನ ಒಳಿತನ್ನಷ್ಟೇ ಬಯಸಿ ಏನು ಸಲಹೆ ಕೊಡುತ್ತೀಯೋ ಅದನ್ನೇ ನೀನೂ ಮಾಡು. ಆ ಒಂಬತ್ತು ದಿನಗಳಲ್ಲಿ ಒಮ್ಮೆ ಇದನ್ನು ಪ್ರಯತ್ನಿಸಿದೆ. ಗುರುತಿಲ್ಲದವರು ಬಂದು ಎಸೆನ್ಜಾ ತರಲೋ ಇನಿಸಿಯಾ ತರಲೋ ಎಂದು ಕೇಳಿದರೆ ನಾನು ಏನೆನ್ನುತ್ತಿದ್ದೆ? "ಯಾವುದಾದರೂ ತನ್ನಿ, ಬಿಡಿ" ಎನ್ನುತ್ತಿದ್ದೆ. ಒಂದು ಕ್ಷಣದ ಉತ್ತರ. ಅಲ್ಲಿಗೆ ಗೊತ್ತಾಯಿತು, ನನ್ನನ್ನು ಹಿಡಿದಿದ್ದು ಯಂತ್ರವಲ್ಲ.

ಅದೇ ವಾರ ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುವ ಮಕ್ಕಳಿಗೆ ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯ ಹೇಳಿಕೊಡಬೇಕಿತ್ತು. ಯೂದನ ಸ್ಥಾನ ಖಾಲಿಯಾಗಿದೆ. ಸುಮಾರು 120 ಮಂದಿ ಸೇರಿದ್ದಾರೆ. ಪೇತ್ರ ಮೊದಲು ಅರ್ಹತೆ ಏನೆಂದು ಹೇಳುತ್ತಾನೆ: ಸ್ನಾನಿಕ ಯೊವಾನ್ನನ ಕಾಲದಿಂದ ಯೇಸುಸ್ವಾಮಿ ಸ್ವರ್ಗಾರೋಹಣವಾದ ದಿನದವರೆಗೂ ಜೊತೆಗಿದ್ದವನಾಗಿರಬೇಕು. ಹಾಗೆ ಸೋಸಿದಾಗ ಇಬ್ಬರು ಉಳಿಯುತ್ತಾರೆ. ಒಬ್ಬ ಬಾರ್ಸಬ್ಬ ಎನಿಸಿಕೊಂಡ ಜೋಸೆಫ್, ಇನ್ನೊಬ್ಬ ಮತ್ತೀಯ. ಇಬ್ಬರೂ ಯೋಗ್ಯರು. ಆಗ ಅವರು ಮೂರನೇ ಸುತ್ತಿನ ಪರೀಕ್ಷೆ ಇಡಲಿಲ್ಲ, ಯಾರು ಹೆಚ್ಚು ಯೋಗ್ಯ ಎಂದು ವಾದಿಸಲಿಲ್ಲ. ಪ್ರಾರ್ಥಿಸಿ ಚೀಟು ಹಾಕಿದರು. ಚೀಟು ಮತ್ತೀಯನಿಗೆ ಬಂತು.

ಇದನ್ನು ಎಷ್ಟೋ ಸಲ ಓದಿದ್ದೇನೆ. ಹಿಂದೆ ನನಗೆ ಇದು ಸ್ವಲ್ಪ ಮುಜುಗರದ ಭಾಗವೇ ಆಗಿತ್ತು. ಪ್ರೇಷಿತರು ಚೀಟಿ ಎತ್ತುವುದೇ, ನಮ್ಮೂರಿನ ಭಿಶಿಯ ಹಾಗೆ? ಈ ಸಲ ಬೇರೆಯದೇ ಕಂಡಿತು. ಚೀಟು ಬಾರ್ಸಬ್ಬನನ್ನು ಕಾಪಾಡಿತು. 120 ಮಂದಿ ಕೈಯೆತ್ತಿ ಅವನನ್ನು ಬಿಟ್ಟಿದ್ದರೆ, ತನ್ನಲ್ಲಿ ಏನು ಕೊರತೆ ಎಂದು ಅವನು ಬದುಕಿಡೀ ಯೋಚಿಸಬೇಕಾಗುತ್ತಿತ್ತು. ಚೀಟು ಬಾರದವನು ಸೋತವನಲ್ಲ. ಇನ್ನೊಂದು ಸಂಗತಿಯೂ ಇದೆ: ಬಾರ್ಸಬ್ಬ ಜೋಸೆಫನ ಹೆಸರು ಬೈಬಲಿನಲ್ಲಿ ಮತ್ತೆ ಬರುವುದಿಲ್ಲ, ನಿಜ. ಆದರೆ ಆಯ್ಕೆಯಾದ ಮತ್ತೀಯನ ಹೆಸರೂ ಮತ್ತೆ ಬರುವುದಿಲ್ಲ.

ನಾನು ಹೇಳುವುದು ಇಷ್ಟೇ. ಕಾರಣಗಳು ಇರುವವರೆಗೆ ಕಾರಣಗಳಿಂದ ಆರಿಸಬೇಕು. ಅಲ್ಲಿ ಸೋಮಾರಿತನ ಸಲ್ಲದು. ಕಾರಣಗಳು ಮುಗಿದ ಮೇಲೆ ಮುಗಿದವು ಎಂದು ಒಪ್ಪಿಕೊಳ್ಳುವುದೂ ಪ್ರಾಮಾಣಿಕತೆಯೇ. ನಾವು ಒಪ್ಪುವುದಿಲ್ಲ. ದೇವರು ಎರಡರಲ್ಲಿ ಒಂದರ ಕೆಳಗೆ ಸರಿಯುತ್ತರವನ್ನು ಬಚ್ಚಿಟ್ಟು ನಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಎಂಬಂತೆ ಹೆದರುತ್ತೇವೆ. ಎರಡೂ ಒಳ್ಳೆಯದಾಗಿರುವಾಗ "ಎರಡರಲ್ಲಿ ಯಾವುದಕ್ಕೆ ಹೋದರೂ ನಾನು ಅಲ್ಲಿರುತ್ತೇನೆ" ಎನ್ನುವ ತಂದೆಯನ್ನು ನಂಬುವುದು ಪ್ರವೇಶ ಪರೀಕ್ಷೆ ಬರೆದು ಬೆಳೆದ ನಮ್ಮ ಪೀಳಿಗೆಗೆ ಕಷ್ಟ.

ಇದನ್ನು ಫಾದರ್ ಹತ್ತಿರ ಹೇಳಿದಾಗ ಅವರು ತಕ್ಷಣ ಕೈಯೆತ್ತಿ ತಡೆದರು. "ನಾಳೆ ಹುಡುಗರು ಮದುವೆಗೂ ಚೀಟಿ ಹಾಕ್ತಾರೆ, ನೋಡ್ಕೋ!" ಅವರ ಮಾತಿನಲ್ಲಿ ಹುರುಳಿದೆ. ಅಕ್ವಿನಾಸರೂ ಚೀಟಿನ ಬಗ್ಗೆ ಬರೆದಿದ್ದಾರೆ. ವಸ್ತುಗಳನ್ನು ಹಂಚಿಕೊಳ್ಳುವಾಗ ಬೇರೆ ದಾರಿಯಿಲ್ಲದೆ ಚೀಟು ಹಾಕುವುದಕ್ಕೆ ಅವರ ತಕರಾರಿಲ್ಲ. ಅಗತ್ಯವಿಲ್ಲದೆ ಚೀಟು ಹಾಕಿದರೆ ಅದು ದೇವರನ್ನು ಪರೀಕ್ಷಿಸಿದಂತೆ. ಧರ್ಮಸಭೆಯ ಹುದ್ದೆಗಳಿಗೆ ಚೀಟು ಬೇಡವೇ ಬೇಡ ಎನ್ನುತ್ತಾರೆ. ಮತ್ತೀಯನ ಆಯ್ಕೆ ಪಂಚಾಶತ್ತಮ ಹಬ್ಬಕ್ಕೆ ಮುಂಚಿನದು, ಪವಿತ್ರಾತ್ಮರು ಇಳಿದುಬಂದ ಮೇಲೆ ಏಳು ಮಂದಿ ಸೇವಕರನ್ನು ಸಮುದಾಯವೇ ಆರಿಸಿತು ಎಂಬುದು ಸಂತ ಬೀಡರನ್ನು ಅನುಸರಿಸಿ ಅವರು ಕೊಡುವ ಕಾರಣ. ಎಲ್ಲರೂ ಹೀಗೆ ಓದಿಲ್ಲ ಎನ್ನಿ. ಈಜಿಪ್ಟಿನ ಕೋಪ್ಟಿಕ್ ಸಭೆಯಲ್ಲಿ 2012ರ ನವೆಂಬರಿನಲ್ಲಿ ಮೂರು ಹೆಸರುಗಳ ಪೈಕಿ ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬ ಬಾಲಕ ಎತ್ತಿದ ಹೆಸರೇ ಅವರ ಪೋಪ್ ಎರಡನೇ ತವಾದ್ರೋಸರದು. ಅಲ್ಲೂ ಆ ಮೂವರನ್ನು ಮತ ಹಾಕಿ ಸೋಸಿದ ಮೇಲೆಯೇ ಬಾಲಕ ಕೈಹಾಕಿದ್ದು. ಆದರೂ ಮನುಷ್ಯರ ವಿಷಯದಲ್ಲಿ ನಾನು ಫಾದರ್ ಕಡೆಗೆ. ಇಬ್ಬರು ಮನುಷ್ಯರು ಎಂದೂ ಸಮಾನರಲ್ಲ, ಸಮಾನರೆಂದು ಕಂಡರೆ ನಾವು ಸರಿಯಾಗಿ ಪರಿಚಯ ಮಾಡಿಕೊಂಡಿಲ್ಲ ಎಂದರ್ಥ. ಯಂತ್ರಗಳ ಮಾತು ಬೇರೆ, ಅವು ಸಮಾನವಾಗಿರಲೆಂದೇ ಕಾರ್ಖಾನೆಯಲ್ಲಿ ಹುಟ್ಟುತ್ತವೆ.

ನಾನೇ ಮೊದಲು ಅಣ್ಣನಿಗೆ ಫೋನ್ ಮಾಡಿದೆ. ಚೀಟಿ ಹಾಕೋಣ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನ್ನ ಕೇಳಿದ್ಯಾ?" ಎಂದ.

ಕೇಳಿರಲಿಲ್ಲ. ಉಡುಗೊರೆಯಾದ್ದರಿಂದ ಗುಟ್ಟಾಗಿರಲಿ ಎಂದಿದ್ದೆವು. ಹದಿನಾಲ್ಕು ಕಾಲಂಗಳ ಪಟ್ಟಿಯಲ್ಲಿ ಅಮ್ಮನಿಗೆ ಒಂದು ಕಾಲಂ ಇರಲಿಲ್ಲ.

ಅಂದು ಸಂಜೆ ಅಮ್ಮ ಕವಲಾಪುರದ ಗಜ್ಜರಿ ತುರಿಯುತ್ತಾ ಕೂತಿದ್ದರು (ನಮ್ಮೂರಿನ ಗಜ್ಜರಿಗೆ ಈ ಕಡೆ ಹೆಸರಿದೆ, ಚಳಿಗಾಲದಲ್ಲಿ ಹಲ್ವ ತಪ್ಪುವುದಿಲ್ಲ). ನಾನು ಎಲ್ಲವನ್ನೂ ಹೇಳಿ ಎರಡೂ ಯಂತ್ರಗಳ ಚಿತ್ರ ತೋರಿಸಿದೆ. ಅಮ್ಮ ಎರಡನ್ನೂ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಒಂದು ಸಲಕ್ಕೆ ಎಷ್ಟು ಲೋಟ ಬರುತ್ತೆ?"

"ಒಂದೇ."

"ಎರಡರಲ್ಲೂ?"

"ಹೌದು."

"ಹಾಗಾದ್ರೆ ಬಂದವರು ಕಾಯ್ಬೇಕಾ?"

ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಜಪಸರದ ಕೂಟ ನಡೆಯುತ್ತದೆ, ಹನ್ನೆರಡು ಹದಿಮೂರು ಮಂದಿ. ಅಮ್ಮನ ಲೆಕ್ಕದಲ್ಲಿ ಕಾಫಿ ಎಂದರೆ ಬೋಗುಣಿಯಲ್ಲಿ ಹಾಲು ಕಾಯುವುದು, ಲೋಟಗಳು ಸಾಲಾಗಿ ನಿಲ್ಲುವುದು. ಒಬ್ಬರಿಗೆ ಒಂದು ಲೋಟ ಎಂಬ ಯಂತ್ರವನ್ನು ಒಬ್ಬರೇ ಇರುವವರಿಗಾಗಿ ಮಾಡಿದ್ದಾರೆ. ಆ ಮಾತು ಅಮ್ಮ ಹೇಳಲಿಲ್ಲ, ನನಗೇ ಹೊಳೆಯಿತು. ನಾವು ತೊಟ್ಟಿಯ ಅಳತೆ ಚರ್ಚಿಸುತ್ತಿದ್ದ ಮೂರು ವಾರವೂ ಅಮ್ಮ ಬೆಳಿಗ್ಗೆ ಫಿಲ್ಟರ್ ಬಿಡಿಸಲಾಗದೆ ಬರಿಯ ಹಾಲು ಕುಡಿದಿದ್ದರು. ಅದೂ ಆಗಲೇ ಗೊತ್ತಾಯಿತು.

ಬೆಲೆ ಕೇಳಿದರು. ಕ್ಯಾಪ್ಸೂಲಿಗೆ ಐವತ್ತು ರೂಪಾಯಿ ಎಂದು ಹಿಡಿ ಎಂದೆ. ಐದು ಗ್ರಾಂ ಪುಡಿಯಂತೆ ಒಂದು ಕಿಲೋಗೆ 200 ಕ್ಯಾಪ್ಸೂಲ್, ಅಂದರೆ ಹತ್ತು ಸಾವಿರ ರೂಪಾಯಿ. ಅಮ್ಮ ನಕ್ಕರು. ನಮ್ಮ ಅಜ್ಜಿ ತೋಟದಲ್ಲಿ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಕಾಫಿ ಹಣ್ಣು ಬಿಡಿಸಿದವರು. ಒಂದು ಕಿಲೋ ಕಾಫಿ ಬೀಜಕ್ಕೆ ಐದಾರು ಕಿಲೋ ಹಣ್ಣು ಬೇಕು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವ ಕರ್ನಾಟಕದ ಆ ಬೆಟ್ಟಗಳಲ್ಲಿ, ಬಾಬಾಬುಡನ್ ಅವರು ಏಳು ಬೀಜ ತಂದರೆಂದು ಕಥೆ ಹೇಳುವ ಊರಿನ ಹತ್ತಿರವೇ, ಅಜ್ಜಿಯ ಮನೆಯಲ್ಲಿ ಕುಡಿಯುತ್ತಿದ್ದದ್ದು ಉದುರಿದ ಬೀಜ ಹುರಿದು ಕುಟ್ಟಿದ, ಬೆಲ್ಲ ಹಾಕಿದ ಕರಿ ಕಾಫಿ. "ಅಮ್ಮ ಇದ್ದಿದ್ರೆ ಈ ಬಟ್ಟಲನ್ನ ಕಿವಿಗೆ ಹಾಕ್ಕೋತಿದ್ರು" ಎಂದರು ಅಮ್ಮ.

ಜಗದ್ಗುರು ಫ್ರಾನ್ಸಿಸರು 2015ರ ಲೌದಾತೊ ಸೀ ಪತ್ರದಲ್ಲಿ, ಕೊಳ್ಳುವ ಸ್ವಾತಂತ್ರ್ಯ ಇರುವವರೆಗೆ ತಾವು ಸ್ವತಂತ್ರರು ಎಂದು ನಂಬಿಕೊಳ್ಳುವ ಜನರ ಬಗ್ಗೆ ಎಚ್ಚರಿಸಿದ್ದಾರೆ. ಮೂರು ವಾರ ನಾವು ಅನುಭವಿಸಿದ್ದು ಆ ಸ್ವಾತಂತ್ರ್ಯವನ್ನೇ. ಯಾವ ಯಂತ್ರ ಎಂದು ಸಾವಿರ ಸಲ ಕೇಳಿದೆವು. ಯಂತ್ರ ಬೇಕೇ, ಯಾರಿಗೆ, ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ವಿವೇಚನೆ ಮಾಡಬೇಕಾಗಿದ್ದ ಜಾಗ ಅದು. ಅಲ್ಲಿ ಕಣ್ಣು ಮುಚ್ಚಿಕೊಂಡು ದಾಟಿ, ಚೀಟಿ ಸಾಕಾಗಿದ್ದ ಜಾಗದಲ್ಲಿ ಕೂತು ವಿವೇಚನೆ ಮಾಡಿದೆವು.

ಹಾಗಾದರೆ ಬೇಡ ಎಂದೆ. ಅಮ್ಮ ಒಪ್ಪಲಿಲ್ಲ. "ಅವನು ಆಸೆಪಟ್ಟಿದ್ದಾನೆ, ತರ್ಲಿ" ಎಂದರು. ಇಲ್ಲಿ ಅಮ್ಮನ ತರ್ಕ ನನ್ನದಕ್ಕಿಂತ ಮುಂದಿತ್ತು. ದೂರ ಇರುವವನಿಗೆ ಕೊಡಲು ಬೇರೇನು ಉಳಿದಿದೆ ಎಂದು ಅವರು ಯೋಚಿಸಿದ್ದರು. ಎರಡು ಚೀಟಿ ಬರೆದು ಫಿಲ್ಟರಿನ ಕೆಳಪಾತ್ರೆಯಲ್ಲಿ ಹಾಕಿದೆವು. ಅಣ್ಣ ವಿಡಿಯೋ ಕರೆಯಲ್ಲಿದ್ದ. ಪಕ್ಕದ ಮನೆಯ ಮರಾಠಿ ಮಗು, ಮೂರು ವರ್ಷದ್ದು, ಕೈಹಾಕಿ ಎತ್ತಿತು. ಇನಿಸಿಯಾ. ನನಗೆ ಬೇಸರವಾಗಲಿಲ್ಲ ಎಂದರೆ ನಂಬಿ. ಅಣ್ಣನೂ ಗೆದ್ದಂತೆ ನಗಲಿಲ್ಲ.

ಯಂತ್ರ ಬಂತು, ಜೊತೆಗೆ ನೂರು ಕ್ಯಾಪ್ಸೂಲ್. ಪ್ಲಗ್ಗಿನ ಮೂರೂ ಕಡ್ಡಿ ಚೌಕಾಕಾರ, ನಮ್ಮ ಗೋಡೆಗೆ ಹೊಂದುವುದಿಲ್ಲ. ಎರಡು ಯಂತ್ರಗಳಿಗೂ ಇದೇ ಪ್ಲಗ್, ಅದೂ ಪಟ್ಟಿಯಲ್ಲಿರಲಿಲ್ಲ. ಸಾಂಗಲಿಗೆ ಹೋಗಿ ಅಡಾಪ್ಟರ್ ತಂದೆ. ರಜೆ ಮುಗಿಯುವವರೆಗೂ ಅಣ್ಣನೇ ಬೆಳಿಗ್ಗೆ ಎದ್ದು ಅಮ್ಮನಿಗೆ ಕಾಫಿ ಮಾಡಿಕೊಟ್ಟ. ಅವನು ಹೊರಟ ದಿನ 46 ಕ್ಯಾಪ್ಸೂಲ್ ಉಳಿದಿದ್ದವು.

ಪುಣೆಯ ಕರೆ ಬಂದಿದ್ದ ತಂಗಿಗೆ ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ಇದನ್ನೆಲ್ಲ ಹೇಳಿದೆ. ಎರಡೂ ಆಸ್ಪತ್ರೆಗಳಲ್ಲಿ ಈಗಾಗಲೇ ಕೆಲಸ ಮಾಡುವವರೊಡನೆ ಒಮ್ಮೆ ಮಾತಾಡು, ಮನೆಯವರನ್ನು ಕೇಳು, ಆಮೇಲೂ ಸಮಾನವೆಂದೇ ಕಂಡರೆ ಚೀಟಿ ಎತ್ತಿ ನಿದ್ದೆ ಮಾಡು ಎಂದೆ. "ಚೀಟಿ ಎತ್ತಿದ ಮೇಲೆ ಬೇಜಾರಾದರೆ?" ಎಂದಳು. ಹಾಗಾದರೆ ಅವೆರಡು ಸಮಾನವಾಗಿರಲಿಲ್ಲ, ನಿನಗೆ ಬೇಕಾದದ್ದು ಯಾವುದೆಂದು ಆಗ ಗೊತ್ತಾಗುತ್ತದೆ, ಅದನ್ನೇ ಹಿಡಿ ಎಂದೆ. ಅವಳಿನ್ನೂ ಏನೂ ತಿಳಿಸಿಲ್ಲ.

ನಾನೀಗ ರಾತ್ರಿ ಮಲಗುವ ಮುಂಚೆ ಫಿಲ್ಟರಿಗೆ ಪುಡಿ ತುಂಬಿ ಬಿಸಿನೀರು ಹಾಕಿಡುತ್ತೇನೆ. ಬೆಳಿಗ್ಗೆ ಹೊರಡುವಾಗ ಮೇಲಿನ ಪಾತ್ರೆ ಬಿಡಿಸಿ, ಡಿಕಾಕ್ಷನ್ನನ್ನು ಒಲೆಯ ಪಕ್ಕ ಇಟ್ಟು ಹೋಗುತ್ತೇನೆ. ಎರಡು ನಿಮಿಷದ ಕೆಲಸ. ಯಂತ್ರ ನಡೆಯುವುದು ಭಾನುವಾರ ಮಾತ್ರ. ನಮ್ಮ ಏಳೂವರೆಗೆ ದುಬೈಯಲ್ಲಿ ಆರು. ಅಣ್ಣ ಫೋನ್ ಮಾಡುತ್ತಾನೆ, ಅಮ್ಮ ಗುಂಡಿ ಒತ್ತುತ್ತಾರೆ, ಆ ಗರ್ ಎನ್ನುವ ಸದ್ದು ಅವನಿಗೂ ಕೇಳಿಸಬೇಕು ಎಂದು ಫೋನನ್ನು ಯಂತ್ರದ ಹತ್ತಿರ ಹಿಡಿಯುತ್ತಾರೆ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನ ಉಪವಾಸ ತಪ್ಪದಂತೆ ಕುಡಿದು ಮುಗಿಸಿ, ಖಾಲಿ ಬಟ್ಟಲನ್ನು ನನ್ನ ಕೈಗೆ ಕೊಡುತ್ತಾರೆ. ಕತ್ತರಿಸಿ ತೊಳೆದು ಗುಜರಿಗೆಂದು ಎತ್ತಿಡುವುದು ನನ್ನ ಪಾಲು, ಗಸಿ ಕರಿಬೇವಿನ ಗಿಡಕ್ಕೆ. ಅಣ್ಣ ಹೋಗಿ ಏಳು ಭಾನುವಾರವಾಯಿತು. ಡಬ್ಬಿಯಲ್ಲಿ ಇನ್ನೂ 39 ಇವೆ.